ಹಪ್ಪಳದ ಚಾಪೆಗೆ ಹೋಗಿಬಂದ ರೈಫಲ್ ಕೇಪುಗಳು

ಸಂಖ್ಯೆ: ತೋಟೆ/ಕೇಪು/೩/೧೯೩೯
ಕಚೇರಿ: ಚಾವಡಿಯ ಕಿಟಕಿ ಬದಿಯ ಮೇಜು, ಕಾವೂರು, ಮಂಗಳೂರು
ತಾರೀಕು: ೧೯-೫-೧೯೩೯, ಶುಕ್ರವಾರ

ವಿಷಯ: ರೈಫಲಿನ ಖಾಲಿ ತೋಟೆಗಳನ್ನು ಮನೆಯಲ್ಲೇ ಮರಳಿ ತುಂಬುವಾಗ ಕೇಪು ಆರಿಸತಕ್ಕ ಕ್ರಮದ ಬಗ್ಗೆ.

ಉಲ್ಲೇಖ:
(ಅ) ಗುಮಾಸ್ತೆಯ ದಿನಚರಿ, ಬುಧವಾರದ ಪುಟ: "ಇವತ್ತೂ ಹೇಳಲಿಲ್ಲ. ಮಾವ ತೋಟೆ ತುಂಬುತ್ತಾ ಕೂತಿದ್ದರು. ಡಬ್ಬಿಯಲ್ಲಿರುವುದು ನೀವು ತಿಳಿದ ಕೇಪಲ್ಲ ಎನ್ನಲು ಬಾಗಿಲಿನವರೆಗೆ ಹೋದೆ. 'ಎಂತ ಕುಶಲಾ?' ಎಂದರು. 'ಕಾಫಿ ಬೇಕಾ ಕೇಳಲು ಬಂದೆ' ಎಂದೆ. ಅದು ಅವರಿಗೆ ಮೂರನೇ ಕಾಫಿ. ಬಿ.ಎ. ಓದಿದ ಗಂಟಲು ಇದು." (ಓದಿ ಹೇಳುವಾಗ ಈ ಉಲ್ಲೇಖವನ್ನು ಬಿಡತಕ್ಕದ್ದು.)
(ಆ) ನಿವೃತ್ತ ಶಿರಸ್ತೇದಾರರೂ ಈ ಮನೆಯ ಯಜಮಾನರೂ ಆದ ಗುಣಪಾಲ ಮಾವನವರ ನಿನ್ನೆಯ ಬಾಯಿ ಹುಕುಂ: "ಬಾಯಲ್ಲಿ ಹೇಳಿದ್ದು ಈ ಮನೆಯಲ್ಲಿ ಯಾರಿಗೂ ತಾಗುವುದಿಲ್ಲ. ಒಂದು ಸುತ್ತೋಲೆ ಬರೆ. ನಂಬರ್ ಹಾಕು. ಎಲ್ಲರೆದುರು ಓದು."

ಕಳೆದ ಆದಿತ್ಯವಾರ ಕಾಟಿಪಳ್ಳದ ಗುಡ್ಡದಲ್ಲಿ ಹಂದಿಯು ಹತ್ತು ಮಾರು ದೂರದಲ್ಲಿ ನಿಂತಿರುವಾಗ ಯಜಮಾನರ ರೈಫಲು "ಟಿಕ್" ಎಂದಷ್ಟೇ ನುಡಿದು ಸುಮ್ಮನಾದದ್ದೂ, ಹಂದಿಯು ಅವರನ್ನು ಒಮ್ಮೆ ನೋಡಿ, ಯಾವ ಅವಸರವೂ ಇಲ್ಲದೆ ನಡೆದುಹೋದದ್ದೂ ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಕೇಪಿಗೆ ಥಂಡಿ ಹಿಡಿದದ್ದೇ ಕಾರಣವೆಂದು ತೀರ್ಮಾನಿಸಲಾಗಿದೆ. ನಾಡಿದ್ದು ಮತ್ತೆ ಬೇಟೆ ನಿಗದಿಯಾಗಿರುವುದರಿಂದ ಈ ಕೆಳಗಿನ ಕಲಮುಗಳನ್ನು ಮನೆಯ ಸಕಲರಿಗೂ ತಿಳಿಯಪಡಿಸಲಾಗಿದೆ.

೧. ಕೇಪು ಎಂದರೆ ತೋಟೆಯ ಬುಡದಲ್ಲಿ ಕೂರುವ, ಬಂದೂಕಿನ ಮೊಳೆ ಬಡಿದೊಡನೆ ಕಿಡಿ ಹುಟ್ಟಿಸಿ ಮದ್ದಿಗೆ ಬೆಂಕಿ ಮುಟ್ಟಿಸುವ, ತೊಗರಿಕಾಳಿನಷ್ಟು ದೊಡ್ಡ ಲೋಹದ ಬಟ್ಟಲು. ಇದನ್ನು ಗುಂಡಿ ಎಂದು ತಿಳಿದು ಯಾರೂ ರವಿಕೆಗೆ ಹೊಲಿಯತಕ್ಕದ್ದಲ್ಲ.

೨. ಇಲಾಖೆಯಲ್ಲಿ ಎರಡು ಜಾತಿಯ ಕೇಪುಗಳಿವೆ. ರೈಫಲಿನ ಗಟ್ಟಿ ಕೇಪು ಬಿಸ್ಕತ್ತಿನ ಡಬ್ಬಿಯಲ್ಲಿಯೂ, ಪಿಸ್ತೂಲಿನ ಮೆದು ಕೇಪು ನಶ್ಯದ ಡಬ್ಬಿಯಲ್ಲಿಯೂ ಇರತಕ್ಕದ್ದು. ಪಿಸ್ತೂಲು ಈ ಮನೆಯಿಂದ ಹೋಗಿ ಹತ್ತು ವರ್ಷವಾಗಿದ್ದರೂ, ಏನನ್ನೂ ಬಿಸಾಡದಿರುವುದು ಮನೆಯ ಪದ್ಧತಿಯಾದ್ದರಿಂದ ಅದರ ಕೇಪುಗಳನ್ನು ಉಳಿಸಿಕೊಳ್ಳಲಾಗಿದೆ. ಎರಡರದ್ದೂ ಒಂದೇ ಗಾತ್ರ, ಒಂದೇ ಬಣ್ಣ. ತಳದ ದಪ್ಪ ಮಾತ್ರ ಬೇರೆ. ಮೆದು ಕೇಪು ರೈಫಲಿನ ಬಿರುಸು ತಾಳಲಾರದೆ ತೂತಾಗಿ, ಬೆಂಕಿಯು ಹಿಂದಕ್ಕೆ, ಗುರಿ ಹಿಡಿದವರ ಕಣ್ಣಿಗೆ ಹಾರುವ ಸಂಭವವಿದೆ. ಯಜಮಾನರ ಎಡಗಣ್ಣಿಗೆ ಈಗಾಗಲೇ ಪೊರೆ ಬಂದಿರುವುದರಿಂದ, ಇಲಾಖೆಯ ಬಳಿ ಸದ್ಯ ಉಪಯೋಗದಲ್ಲಿರುವುದು ಒಂದೇ ಕಣ್ಣು ಎಂಬುದನ್ನು ಗಮನಿಸತಕ್ಕದ್ದು.

೩. ಎಣ್ಣೆ ತಾಗಿದ ಕೇಪು ಸಾಯುತ್ತದೆ. ಆದುದರಿಂದ ತಲೆಗೆ ತೆಂಗಿನೆಣ್ಣೆ ಹಾಕಿದವರು ಆ ದಿನ ಮೇಜಿನಿಂದ ಆರು ಅಡಿ ದೂರವಿರಬೇಕೆಂದು ಈ ಮೂಲಕ ಸೂಚಿಸಲಾಗಿದೆ. "ಎಣ್ಣೆ ಹಾಕದೆ ಕೂರಲು ನಾನೆಂತ ಸನ್ಯಾಸಿನಿಯಾ ಅಣ್ಣ? ನಿಮ್ಮ ಮೇಜನ್ನೇ ಆರು ಅಡಿ ಆಚೆ ಇಡಿ" ಎಂಬ ಗುಮಾಸ್ತೆಯ ತಾಯಿ ಸುಂದರಿಯಮ್ಮನವರ ಆಕ್ಷೇಪಣೆಯನ್ನು ಸ್ವೀಕರಿಸಿ, ಕಡತಕ್ಕೆ ಸೇರಿಸಿ, ಕಡತವನ್ನು ಕಟ್ಟಿಡಲಾಗಿದೆ. ಮೇಜು ಇದ್ದಲ್ಲೇ ಇರುತ್ತದೆ.

೪. ಕೇಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಈ ಪದ್ಧತಿಯು ನೆರೆಮನೆಯವರೂ ಬೇಟೆಯ ಜೊತೆಗಾರರೂ ಆದ ಸಿಪ್ರಿಯನ್ ಪೊರ್ಬುಗಳದ್ದು. "ಕೇಪು ಎಂತ ಮಾತಾಡ್ತದಾ ಪೊರ್ಬುಗಳೇ?" ಎಂದು ಯಜಮಾನರು ಕೇಳಲಾಗಿ, "ಮಾತಾಡ್ತದೆ ಮಾರಾಯ್ರೆ. ಶಿರಸ್ತೇದಾರರನ್ನು ಕಂಡರೆ ಮಾತ್ರ ಬಾಯಿ ಮುಚ್ಚುತ್ತದೆ" ಎಂದು ಅವರು ಉತ್ತರಿಸಿರುತ್ತಾರೆ. ಈ ಉತ್ತರದ ಎರಡನೇ ಭಾಗದಲ್ಲಿ ಹುರುಳಿದೆಯೆಂದು ಗುಮಾಸ್ತೆಯ ನಮ್ರ ಅಭಿಪ್ರಾಯ.

೫. ಕೇಪು ಆರಿಸುವ ಹೊತ್ತಿನಲ್ಲಿ ಸೀನು ಬರುವವರು ಮುಂಗಡವಾಗಿ ತಿಳಿಸತಕ್ಕದ್ದು. ತಿಳಿಸದೆ ಸೀನಿದಲ್ಲಿ ಅಲ್ಲಿಯವರೆಗೆ ಆರಿಸಿದ್ದೆಲ್ಲ ಅಸಿಂಧು. ಬಿಸ್ಕತ್ತಿನ ಡಬ್ಬಿಯ ಮೇಲೆ ಮಲಗುವ ಬೆಕ್ಕಿಗೆ ಕಾವಲಿನ ಕೆಲಸ ಕೊಟ್ಟಂತೆ ಭಾವಿಸತಕ್ಕದ್ದಲ್ಲ.

೬. ಥಂಡಿ ಹಿಡಿದ ಕೇಪುಗಳನ್ನು ಹಲಸಿನ ಹಪ್ಪಳದ ಚಾಪೆಯ ಮೇಲೆ ಬಿಸಿಲಿಗೆ ಹಾಕುವುದನ್ನು ಇನ್ನು ಮುಂದೆ ನಿಷೇಧಿಸಲಾಗಿದೆ. ಕಳೆದ ಮಂಗಳವಾರ ಸದುದ್ದೇಶದಿಂದ ಹಾಗೆ ಹಾಕಲಾಗಿತ್ತು: ಗಟ್ಟಿಯವು ಚಾಪೆಯ ಆ ತುದಿಯಲ್ಲಿ, ಮೆದುವಿನವು ಈ ತುದಿಯಲ್ಲಿ, ನಡುವೆ ಹಪ್ಪಳ. ಮೂರು ಗಂಟೆಗೆ ಅಪ್ಪಣೆಯಿಲ್ಲದೆ ಮಳೆ ಬಂತು. "ಹಪ್ಪಳ! ಹಪ್ಪಳ ಒಳಗೆ ತನ್ನಿ!" ಎಂಬ ಕೂಗು ಅಡುಗೆಮನೆಯಿಂದ ಕೇಳಿಬಂದ ಮೇರೆಗೆ ಚಾಪೆಯನ್ನು ಇದ್ದಂತೆಯೇ ಸುರುಟಿ ಒಳಗೆ ತರಲಾಯಿತು. ಬಿಡಿಸಿದಾಗ ಎರಡು ಜಾತಿಗಳೂ ನಡುವೆ ಒಂದಾಗಿ ಕೂತಿದ್ದವು. ತರುವಾಯ ಅವುಗಳನ್ನು ಅಂದಾಜಿನ ಮೇಲೆ ಎರಡು ಡಬ್ಬಿಗಳಿಗೆ ಹಂಚಲಾಯಿತು.

೭. ಮುಂದಿನ ಆದೇಶದವರೆಗೆ ಪ್ರತಿಯೊಂದು ಹಪ್ಪಳವನ್ನೂ ಕರಿಯುವ ಮೊದಲು ಬೆಳಕಿಗೆ ಹಿಡಿದು ನೋಡತಕ್ಕದ್ದು. ಕೇಪು ಅಂಟಿಕೊಂಡ ಹಪ್ಪಳವು ಹಪ್ಪಳವಲ್ಲ, ತೋಟೆಯೆಂದೇ ಪರಿಗಣಿಸಲ್ಪಡುವುದು. ಅದನ್ನು ಬಾಣಲೆಗೆ ಹಾಕಲು ಲೈಸೆನ್ಸು ಬೇಕು.

೮. ಬುಧವಾರ ಬಿಸ್ಕತ್ತಿನ ಡಬ್ಬಿಯಿಂದ ಕೇಪು ತೆಗೆದು ಇಪ್ಪತ್ತು ತೋಟೆಗಳನ್ನು ತುಂಬಲಾಗಿದ್ದು, ಅವು ಆದಿತ್ಯವಾರಕ್ಕೆಂದು ಚರ್ಮದ ಪಟ್ಟಿಯಲ್ಲಿ ಸಿದ್ಧವಾಗಿವೆ. ಸದರಿ ತೋಟೆಗಳ ವಿಚಾರದಲ್ಲಿ ಯಜಮಾನರು ಕಲಂ ೨ ಮತ್ತು ೬ನ್ನು ಒಟ್ಟಿಗೆ ಓದಿಕೊಳ್ಳಬೇಕಾಗಿ ವಿನಂತಿಸಲಾಗಿದೆ.

ಯಜಮಾನರ ಅಪ್ಪಣೆ ಮೇರೆಗೆ,
(ಸಹಿ) ಕುಶಲಾ, ಬಿ.ಎ.
ಹಂಗಾಮಿ ಗುಮಾಸ್ತೆ

ಪ್ರತಿಗಳು:
೧. ಸುಂದರಿಯಮ್ಮನವರಿಗೆ, ಹಪ್ಪಳ ವಿಭಾಗ, ಕಲಂ ೭ರ ತುರ್ತು ಜಾರಿಗಾಗಿ.
೨. ಸಿಪ್ರಿಯನ್ ಪೊರ್ಬುಗಳಿಗೆ, ಕಿವಿಯನ್ನು ಹಿಂತೆಗೆದುಕೊಳ್ಳುವ ಬಗ್ಗೆ.
೩. ಬೆಕ್ಕಿಗೆ, ಡಬ್ಬಿಯಿಂದ ಎಬ್ಬಿಸಿ ಓದಿಸಿದ ಬಾಬ್ತು.
೪. ಕಾಟಿಪಳ್ಳದ ಗುಡ್ಡದ ಹಂದಿಗೆ, ಮಾಹಿತಿಗಾಗಿ.
೫. ಕಚೇರಿ ಪ್ರತಿ, ದಿನಚರಿಯೊಳಗೆ.

ಷರಾ: ಈ ಸುತ್ತೋಲೆಯನ್ನು ಅದೇ ದಿನ ಸಂಜೆ ಐದು ಗಂಟೆಗೆ ಚಾವಡಿಯಲ್ಲಿ ಓದಲಾಯಿತು. ಕಲಂ ೪ಕ್ಕೆ ಪೊರ್ಬುಗಳು ಗಟ್ಟಿಯಾಗಿ ನಕ್ಕರು. ಕಲಂ ೫ಕ್ಕೆ ಯಜಮಾನರೂ ನಕ್ಕರು. ಕಲಂ ೬ಕ್ಕೆ ಯಾರೂ ನಗಲಿಲ್ಲ. ಕಲಂ ೮ ಮುಗಿದ ಮೇಲೆ ಯಜಮಾನರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಾಕಲಾಗಿತ್ತು, ಸುರುಟಲಾಯಿತು, ಹಂಚಲಾಯಿತು. ಮೂವತ್ತು ವರ್ಷ ಇಂಥದ್ದೇ ಕಾಗದ ಬರೆದವ ನಾನು, ಕುಶಲಾ. ಇದನ್ನೆಲ್ಲ ಮಾಡಿದ್ದು ಯಾರು, ಬೆಕ್ಕಾ?"

"ಅವಳನ್ನು ಹೆದರಿಸಬೇಡಿ ಅಣ್ಣ" ಎಂದು ಸುಂದರಿಯಮ್ಮನವರು ಅಡುಗೆಮನೆಯ ಬಾಗಿಲಿನಿಂದ ಹೇಳಿದರು.

ಗುಮಾಸ್ತೆಯು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಅನಂತರ ಹೇಳಿದ್ದು ಯಾವ ಕಲಮಿನಲ್ಲಿಯೂ ಇಲ್ಲದ್ದರಿಂದ ಇಲ್ಲಿ ನಮೂದಿಸಲಾಗಿದೆ:

"ನಾನು, ಮಾವ. ಆ ಇಪ್ಪತ್ತರಲ್ಲಿ ಯಾವುದು ಗಟ್ಟಿ, ಯಾವುದು ಮೆದು, ನನಗೆ ಗೊತ್ತಿಲ್ಲ. ಒಂದನ್ನೂ ತಕೊಂಡು ಹೋಗ್ಬೇಡಿ."