ನವ್ಯಕಲೆ ನೋಡಲು ಹೋಗುವವರಿಗೆ ಕಾವಲಿನವನ ನಾಲ್ಕು ಮಾತು

ಚಿತ್ರ ಪ್ರದರ್ಶನದಲ್ಲಿ ಕಾವಲಿಗೆ ನಿಂತವನಿಗೆ ಚಿತ್ರ ನೋಡಲು ಪುರುಸೊತ್ತು ಸಿಗುವುದಿಲ್ಲ. ನೋಡಲು ಬಂದವರನ್ನು ನೋಡುವುದರಲ್ಲೇ ಹೊತ್ತು ಹೋಗುತ್ತದೆ, ಮತ್ತು ದಿನಕ್ಕೊಂದಾದರೂ ಏನಾದರೂ ನಡೆದೇ ನಡೆಯುತ್ತದೆ.

ಮೊನ್ನೆ ನಮ್ಮ ಯಲಹಂಕದ ನೆರೆಮನೆಯವರು ಬಂದು, ಮಗನ ಜೊತೆ ದೆಹಲಿಗೆ ಹೋಗ್ತಿದೀವಿ, ಅಲ್ಲೊಂದು ದೊಡ್ಡ ಕಲಾಪ್ರದರ್ಶನ ಇದೆಯಂತೆ, ನೀವು ಅಂಥದ್ದರಲ್ಲಿ ಕೆಲಸ ಮಾಡಿದವರು, ಏನಾದ್ರೂ ತಿಳ್ಕೊಂಡು ಹೋಗ್ಬೇಕಾ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ಹತ್ತಾರು ದೇಶಗಳ ಹೊಸ ಬಗೆಯ ಚಿತ್ರಗಳೂ ಶಿಲ್ಪಗಳೂ ಮರದ ಪೆಟ್ಟಿಗೆಗಳಲ್ಲಿ ಗೂಡ್ಸ್ ರೈಲು ಹತ್ತಿ ಯಶವಂತಪುರಕ್ಕೆ ಬಂದವು. ಅಷ್ಟು ಎತ್ತರದ ಸೂರು ಬೇರೆಲ್ಲೂ ಸಿಗದೆ, ಸ್ಟೇಷನ್ನಿನ ಹತ್ತಿರವೇ ಖಾಲಿ ಬಿದ್ದಿದ್ದ ಒಂದು ಗೋದಾಮಿಗೆ ಸುಣ್ಣ ಬಳಿಸಿ ಅಲ್ಲೇ ಇಟ್ಟರು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಗುಮಾಸ್ತ. ಒಂದು ತಿಂಗಳ ಮಟ್ಟಿಗೆ ನನ್ನನ್ನು ಅಲ್ಲಿನ ಕಾವಲಿಗೆ ಹಾಕಿದರು. ಮೊದಲ ದಿನವೇ ನಮ್ಮ ಅಧಿಕಾರಿಗಳು ಕರೆದು, ಇಲ್ಲಿನ ಯಾವ ವಸ್ತುವನ್ನೂ ಯಾರ ಕೈಯೂ ಸೋಕಬಾರದು, ನಿಮ್ಮ ಕೈ ಕೂಡ, ತಿಂಗಳು ಹಾಗೆ ಕಳೆದರೆ ನಿಮ್ಮ ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕುತ್ತೇನೆ, ಇಲ್ಲವಾದರೆ ಮನೆಗೆ ಹೋಗಬಹುದು ಎಂದರು.

ಆ ಕಾಗದ ನನಗೆ ಬೇಕೇ ಬೇಕಿತ್ತು. ದೊಡ್ಡ ಮಗಳಿಗೆ ಬಾಗಲೂರಿನಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಒಪ್ಪಿದ್ದ, ಅವನ ತಂದೆ ತಾಯಿ ಒಪ್ಪಿದ್ದರು. ಹುಡುಗನ ಅಜ್ಜಿ ಮಾತ್ರ, ಹೆಣ್ಣಿನ ತಂದೆಯ ಕೆಲಸ ಖಾಯಂ ಆಗಲಿ, ಆಮೇಲೆ ನಿಮ್ಮ ಎಲೆ ಅಡಿಕೆ ಮುಟ್ಟಿ ವೀಳ್ಯಶಾಸ್ತ್ರ ಎಂದು ಕೂತಿದ್ದರು. ಆ ಮನೆಯಲ್ಲಿ ಅಜ್ಜಿಯ ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ. ನಾನು ದಿನವೂ ಊರ ಆಂಜನೇಯನಿಗೆ ಕೈ ಮುಗಿದು ಬೆಳಗಿನ ರೈಲು ಹತ್ತುತ್ತಿದ್ದೆ.

೧. ಯಾವ ಕಡೆಯಿಂದ ಸುತ್ತಬೇಕೆಂದು ಮೊದಲೇ ಕೇಳಿಕೊಳ್ಳಿ

ಚಿತ್ರಗಳ ನಂಬರು ಬಾಗಿಲಿನ ಬಲಗಡೆಯಿಂದ ಶುರುವಾಗುತ್ತಿತ್ತು. ಪಟ್ಟಿ ಹಿಡಿದು ಬಂದ ಪೇಟೆಯವರು ಬಲಕ್ಕೆ ಹೊರಟು ಒಂದು, ಎರಡು ಎಂದು ನೋಡುತ್ತಾ ಹೋಗುತ್ತಿದ್ದರು. ಆದರೆ ಹಾಲಿನ ನಡುವೆ ಒಂದು ದೊಡ್ಡ ಕಲ್ಲಿನ ಶಿಲ್ಪ ಇಟ್ಟಿದ್ದರು. ರಾಜಾನುಕುಂಟೆ ಕಡೆಯಿಂದ ಬಂದ ಜನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಆ ಕಲ್ಲನ್ನು ನೋಡಿದ್ದೇ, ಅದು ಯಾವ ದೇವರಾದರೂ ಆಗಿರಲಿ ಎಂದು, ಎಡಕ್ಕೆ ತಿರುಗಿ ಪ್ರದಕ್ಷಿಣೆ ಹೊರಟುಬಿಡುತ್ತಿದ್ದರು. ನಂಬರು ಆ ಕಡೆಯಿಂದ ಇದೆ ಎಂದು ನಾನು ಹೇಳಿದರೆ, ನಂಬರಿಗೋಸ್ಕರ ಅಪ್ರದಕ್ಷಿಣೆ ಹೋಗ್ಬೇಕಾ ಎಂದು ನನ್ನನ್ನೇ ಕೇಳಿದರು. ಧರ್ಮದ ಮಾತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಹೀಗಾಗಿ ಎರಡು ಗುಂಪೂ ಹಿಂದಿನ ಗೋಡೆಯ ನಟ್ಟನಡುವೆ ಎದುರುಬದುರಾಗುತ್ತಿದ್ದವು. ಅಲ್ಲಿ ಒಂದು ಕಂಬಳಿಯಗಲದ ಬಿಳಿ ಬಟ್ಟೆ ತೂಗುಹಾಕಿತ್ತು. ಅದರ ಮೇಲೆ ಬಣ್ಣ ಅನ್ನುವುದೇ ಇರಲಿಲ್ಲ. ಅದರ ಮುಂದೆ ಅರ್ಧ ಗಂಟೆ ನೂಕುನುಗ್ಗಲು, ಸ್ವಲ್ಪ ಜರುಗ್ರಿ, ನೀವೇ ಜರುಗ್ರಿ ಎಂಬ ಮಾತು. ನಾನು ಎರಡು ಕೈ ಅಗಲಿಸಿ, ಯಾರ ಬೆನ್ನೂ ಬಟ್ಟೆಗೆ ತಾಗದಂತೆ ನಿಂತಿರುತ್ತಿದ್ದೆ.

ವಾರ ಕಳೆದ ಮೇಲೆ ಪತ್ರಿಕೆಯಲ್ಲಿ ಒಬ್ಬ ಕಲಾ ವಿಮರ್ಶಕರು ಬರೆದರು: ನಮ್ಮ ಹಳ್ಳಿಯ ಜನರಿಗೆ ಕಲೆ ತಿಳಿಯದು ಎನ್ನುವವರು ಬಂದು ನೋಡಲಿ, ಎಲ್ಲಕ್ಕಿಂತ ಕಷ್ಟವಾದ ಆ ಬಿಳಿಯ ಚಿತ್ರದ ಮುಂದಿನಿಂದ ಅವರನ್ನು ಕದಲಿಸುವುದೇ ಅಸಾಧ್ಯವಾಗಿದೆ.

೨. ಹೆಸರು ಹುಡುಕಬೇಡಿ

ನಲವತ್ತು ಚಿತ್ರಗಳ ಕೆಳಗೆ ‘ಹೆಸರಿಲ್ಲ’ ಎಂದು ಬರೆದ ಚೀಟಿ, ಪಕ್ಕದಲ್ಲಿ ಅದನ್ನು ಬರೆದ ವರ್ಷ. ನಮ್ಮೂರಿನ ಪುರೋಹಿತರು ಒಂದು ದಿನ ಬಂದವರು ಈ ಚೀಟಿಗಳನ್ನು ಒಂದೊಂದಾಗಿ ಓದಿ ಬಹಳ ನೊಂದುಕೊಂಡರು. ಸಮುದ್ರ ದಾಟಿ ಬಂದ ಮೇಲೂ ಇವಕ್ಕೆ ನಾಮಕರಣ ಆಗಿಲ್ಲವಲ್ಲ ಎಂದರು. ಚೀಲದಿಂದ ಪಂಚಾಂಗ ತೆಗೆದು, ದಿನ, ಗಳಿಗೆ ಹೇಳಿ, ನಕ್ಷತ್ರ ನೋಡಿ ಮೊದಲಕ್ಷರ ಹೇಳ್ತೀನಿ, ಇಲ್ಲೇ ಕೂತು ನಲವತ್ತನ್ನೂ ಮುಗಿಸಿಬಿಡೋಣ ಎಂದರು. ನನ್ನ ಹತ್ತಿರ ವರ್ಷ ಬಿಟ್ಟರೆ ಬೇರೇನೂ ಇಲ್ಲ ಎಂದೆ.

ಅವರು ಪಂಚಾಂಗ ಮಡಿಸಿ, ನಿಟ್ಟುಸಿರಿಟ್ಟು, "ಹೆತ್ತವನಿಗೇ ಗಳಿಗೆ ನೆನಪಿಲ್ಲ ಅಂದ್ರೆ ಹೆಸರು ಎಲ್ಲಿಂದ ಬರುತ್ತೆ, ಬಿಡಿ" ಎಂದು ಹೊರಟುಹೋದರು.

೩. ವಿವರಣೆ ಕೇಳಿದರೆ ಪೂರ್ತಿ ಕೇಳಿ

ನಮ್ಮ ಅಧಿಕಾರಿಗಳು ಕಲೆಯವರಲ್ಲ. ನನ್ನ ಹಾಗೆಯೇ ನಮ್ಮ ಕಚೇರಿಯಿಂದ ಈ ಒಂದು ತಿಂಗಳಿಗೆಂದು ಬಂದವರು. ಆದರೂ ಮೂರು ವಾಕ್ಯ ಕಲಿತುಕೊಂಡಿದ್ದರು. ಇದರಲ್ಲಿ ಮನುಷ್ಯನ ಏಕಾಂತ ಇದೆ. ಇಲ್ಲಿ ಏನಿಲ್ಲವೋ ಅದನ್ನು ನೋಡಬೇಕು. ಇದು ಮುಗಿದಿಲ್ಲ, ನಮ್ಮೊಳಗೆ ಮುಗಿಯುತ್ತದೆ. ಈ ಮೂರನ್ನು ಹಿಂದುಮುಂದು ಮಾಡಿ ಎಲ್ಲ ಚಿತ್ರಗಳಿಗೂ ಹೊಂದಿಸುತ್ತಿದ್ದರು. ಚೆನ್ನಾಗಿಯೇ ಹೊಂದುತ್ತಿತ್ತು.

ಒಂದು ಚಿತ್ರದ ಪೆಟ್ಟಿಗೆ ರೈಲಿನಲ್ಲಿ ತಡವಾಗಿ, ಅದರ ಜಾಗದಲ್ಲಿ ಬರಿ ಮೊಳೆ ಇತ್ತು. ಮೊಳೆಯ ಕೆಳಗೆ ಚೀಟಿ ಮಾತ್ರ ಅಂಟಿಸಿದ್ದೆವು. ಅಧಿಕಾರಿಗಳು ಆರ್.ಟಿ. ನಗರದ ಹೊಸ ಬಡಾವಣೆಯಿಂದ ಬಂದ ನಾಲ್ಕು ಜನ ಸಭ್ಯರನ್ನು ಕರೆದುಕೊಂಡು ಬರುತ್ತಾ, ಮಾತಿನ ಭರದಲ್ಲಿ ಆ ಮೊಳೆಯ ಮುಂದೆಯೂ ನಿಂತು ಮೂರು ವಾಕ್ಯವನ್ನೂ ಹೇಳಿದರು. ಸಭ್ಯರು ತಲೆದೂಗಿದರು. ಒಬ್ಬರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

ಮಾರನೆಯ ದಿನ ಪೆಟ್ಟಿಗೆ ಬಂತು, ಚಿತ್ರ ಹಾಕಿದೆವು. ಆ ಕನ್ನಡಕದವರು ಹೆಂಡತಿಯನ್ನು ಕರೆದುಕೊಂಡು ಅದನ್ನು ತೋರಿಸಲೆಂದೇ ಮತ್ತೆ ಬಂದಿದ್ದರು. ಬಹಳ ಹೊತ್ತು ನೋಡಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬದಲಾಯಿಸಬಾರದಿತ್ತು ಕಣ್ರೀ. ನಿನ್ನೆ ಇದ್ದದ್ದೇ ಚೆನ್ನಾಗಿತ್ತು."

೪. ಎಲೆ ಅಡಿಕೆ ಮನೆಯಲ್ಲೇ ಹಾಕಿಕೊಂಡು ಬನ್ನಿ

ಇಪ್ಪತ್ತನೆಯ ದಿನ. ಅಲ್ಲಿಯವರೆಗೆ ದೇವರ ದಯೆಯಿಂದ ಯಾವುದಕ್ಕೂ ಯಾರ ಕೈಯೂ ಸೋಕಿರಲಿಲ್ಲ. ಅವತ್ತು ಬಾಗಲೂರಿನ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು, ನನ್ನ ಕೆಲಸ ಎಂಥದ್ದು ಎಂದು ಕಣ್ಣಾರೆ ನೋಡಲು ಬಂದರು.

ಅಜ್ಜಿ ಎಲ್ಲೂ ನಿಲ್ಲದೆ ಹಾಲನ್ನೆಲ್ಲ ಸುತ್ತಿದರು. ಕೊನೆಗೆ ಒಂದು ಮೂಲೆಯಲ್ಲಿ ನಿಂತರು. ಅಲ್ಲಿ ಯಾವುದೋ ದೇಶದ ಶಿಲ್ಪಿ ಮಾಡಿದ ಒಂದು ಮರದ ಕಂಬ ಇತ್ತು. ಒಂದಾಳು ಮೇಲೆ ಒಂದು ಮೊಳ ಎತ್ತರ, ಕಪ್ಪು ಮರ, ನುಣ್ಣಗೆ ಹೆರೆದದ್ದು, ಕೆತ್ತನೆ ಏನೂ ಇಲ್ಲ.

"ಇದೊಂದು ನೋಡೋ ಅಂಗೈತೆ ಕಣಪ್ಪ" ಎಂದರು ಅಜ್ಜಿ.

ನನಗೆ ಹೋದ ಜೀವ ಬಂದಂತಾಯಿತು. ಹುಡುಗನ ಕಡೆ ತಿರುಗಿ ಅವನ ಕೆಲಸದ ವಿಚಾರ ಕೇಳಿದೆ. ಅಷ್ಟರಲ್ಲಿ ಅಜ್ಜಿ ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟು, ಬೆರಳಿನಲ್ಲಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸಿದರು.

ಅವರ ತಪ್ಪು ಎನ್ನುವ ಹಾಗಿಲ್ಲ. ಕಂಬ ಇದ್ದ ಮನೆಯಲ್ಲೆಲ್ಲ ಉಳಿದ ಸುಣ್ಣ ಕಂಬಕ್ಕೇ. ನಮ್ಮ ಮನೆಯ ಪಡಸಾಲೆಯ ಕಂಬದಲ್ಲೂ ಮೂರು ತಲೆಮಾರಿನ ಗೆರೆಗಳಿವೆ. ನಾನು ಬಾಯಿ ಬಿಡುವುದನ್ನು ನೋಡಿ ಅಜ್ಜಿ, "ಯಾಕಪ್ಪ ಇಂಗೆ ನೋಡ್ತೀಯ? ಕಂಬ ತಾನೆ?" ಎಂದರು.

ಒರೆಸೋಣವೆಂದರೆ ನನ್ನ ಕೈಯೂ ಸೋಕಬಾರದು. ಬೈಯೋಣವೆಂದರೆ ಅವರು ನನ್ನ ಮಗಳ ಭಾಗ್ಯವನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದಾರೆ. ಅದೇ ಹೊತ್ತಿಗೆ ಅಧಿಕಾರಿಗಳು ಇಬ್ಬರು ಪರದೇಶದ ಅತಿಥಿಗಳನ್ನೂ ಪತ್ರಿಕೆಯ ಫೋಟೋದವರನ್ನೂ ಕರೆದುಕೊಂಡು ಒಳಗೆ ಬಂದರು. ನೇರ ಕಂಬದ ಮುಂದೆಯೇ ನಿಂತರು.

ಅಧಿಕಾರಿಗಳು ಆ ಕಂಬವನ್ನು ಅಲ್ಲಿಯತನಕ ಸರಿಯಾಗಿ ನೋಡಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಗೆರೆಯ ಹತ್ತಿರ ಕೈ ತೋರಿಸಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ನನಗೆ ಅರ್ಧ ಅರ್ಥವಾಯಿತು. ಕಪ್ಪು ಕಂಬ ಮನುಷ್ಯನ ಏಕಾಂತವಂತೆ, ಓರೆಯಾಗಿ ಮೇಲಕ್ಕೆ ಹೋಗಿ ತೆಳುವಾಗುವ ಈ ಬಿಳಿ ಗೆರೆ ಅವನ ಆಸೆಯಂತೆ, ಈ ಗೆರೆ ಇಲ್ಲದಿದ್ದರೆ ಇದು ಬರಿ ಮರವಂತೆ. ಅತಿಥಿಗಳು ತಲೆಬಾಗಿಸಿ ನೋಡಿದರು. ಫೋಟೋ ತೆಗೆದರು. ಹೋಗುವಾಗ ಅಜ್ಜಿಗೆ ಕೈ ಮುಗಿದರು. ಅಜ್ಜಿಯೂ ಮುಗಿದರು, ಬಾಯಿ ತುಂಬಿದ್ದರಿಂದ ಮಾತಾಡಲಿಲ್ಲ.

ಮುಚ್ಚಿಟ್ಟು ಸಂಜೆ ದೇವರ ದೀಪ ಹಚ್ಚುವುದು ನನ್ನಿಂದಾಗದು. ಅತಿಥಿಗಳು ಹೋದ ಮೇಲೆ ಅಧಿಕಾರಿಗಳ ಕೋಣೆಗೆ ಹೋಗಿ, ಸ್ವಾಮಿ, ಅದು ಸುಣ್ಣ, ನಮ್ಮ ಬೀಗಿತ್ತಿಯಾಗಬೇಕಾದ ಅಜ್ಜಿ ಒರೆಸಿದ್ದು, ನನ್ನ ಕಾವಲಿನಲ್ಲೇ ಆಯಿತು ಎಂದು ಹೇಳಿಬಿಟ್ಟೆ. ಅವರು ಎದ್ದು ಬಾಗಿಲು ಮುಚ್ಚಿದರು. ಯಾರಿಗಾದರೂ ಹೇಳಿದಿರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಹೋಗಿ ಕೆಲಸ ನೋಡಿ ಎಂದರು. ಖಾಯಂ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ ಗೆರೆಯ ಫೋಟೋ ಬಂತು, ಅಧಿಕಾರಿಗಳ ವಿವರಣೆಯ ಸಮೇತ. ಜನ ಗೆರೆ ನೋಡಲೆಂದೇ ಬರತೊಡಗಿದರು. ನಾಲ್ಕನೆಯ ದಿನಕ್ಕೆ ದೆಹಲಿಯಿಂದ ಸುದ್ದಿ: ಕಲಾ ವಿಭಾಗದ ದೊಡ್ಡವರು ಗೆರೆ ನೋಡಲು ನಾಳೆ ಬರುತ್ತಾರೆ. ಅವತ್ತೇ ಮಧ್ಯಾಹ್ನ ಗೋದಾಮಿನ ಪಕ್ಕ ಒಂದು ಗೂಡ್ಸ್ ರೈಲು ಹಾದು, ನೆಲ ಅದುರಿ, ಒಣಗಿದ್ದ ಸುಣ್ಣ ಪುಡಿಯಾಗಿ ಉದುರಿಹೋಯಿತು. ಕಂಬ ಬರಿ ಮರವಾಗಿ ನಿಂತಿತ್ತು.

ಸಾಯಂಕಾಲ ಅಧಿಕಾರಿಗಳು ನನ್ನನ್ನು ಕೋಣೆಗೆ ಕರೆದರು. ಕೈಯಲ್ಲಿ ಪತ್ರಿಕೆಯ ತುಣುಕು. ಬೀರುವಿನ ಮೇಲೆ ಆರೇಳು ಸುಣ್ಣದ ಗೆರೆ. ಒಂದು ಹುಳುವಿನ ಹಾಗಿತ್ತು, ಒಂದು ಗೋಡೆಗೆ ಬಳಿದ ಹಾಗಿತ್ತು, ಫೋಟೋದಲ್ಲಿದ್ದ ಹಾಗೆ ಒಂದೂ ಇರಲಿಲ್ಲ. ಅವರ ತೋರುಬೆರಳು ಬೆಳ್ಳಗಾಗಿತ್ತು. ನೀವೇ ಪ್ರಯತ್ನ ಮಾಡ್ತೀರಾ ಎಂದರು. ನನ್ನ ಕೈ ಕೂಡ ಸೋಕಬಾರದೆಂದು ತಾವೇ ಹೇಳಿದ್ದೀರಿ ಎಂದೆ.

ಕುರ್ಚಿಯಿಂದ ಎದ್ದು, ಎಂದೂ ಇಲ್ಲದ ವಿನಯದಿಂದ ಕೇಳಿದರು: "ರೀ, ಆ ತಾಯಿ ನಾಳೆ ಬೆಳಿಗ್ಗೆ ಒಂದ್ಸಲ ಬಂದು ಹೋಗ್ತಾರಾ?"

ನಾನು ಇದ್ದದ್ದನ್ನೇ ಹೇಳಿದೆ. "ಬರೋಕ್ಕೇನೋ ಬರ್ತಾರೆ ಸ್ವಾಮಿ. ಆದ್ರೆ ನನ್ನ ಕೆಲಸ ಖಾಯಂ ಆದ ಕಾಗದ ನೋಡೋವರ್ಗೂ ನಮ್ಮ ಕಡೆಯ ಎಲೆ ಅಡಿಕೆ ಮುಟ್ಟೋದಿಲ್ಲ ಅಂತ ಹೇಳಿ ಹೋಗಿದ್ದಾರೆ."

ಟೈಪಿಸ್ಟು ಮಿಷನ್ನಿಗೆ ಹೊದಿಕೆ ಹಾಕಿ ಮನೆಗೆ ಹೊರಟಿದ್ದ. ಅಧಿಕಾರಿಗಳು ತಾವೇ ಹೋಗಿ ಹೊದಿಕೆ ತೆಗೆದು ಅವನನ್ನು ಕೂರಿಸಿದರು. ನಿಂತಲ್ಲೇ ಹೇಳಿ ಬರೆಸಿದರು: ಇವರು ಪ್ರದರ್ಶನದ ಯಾವ ವಸ್ತುವನ್ನೂ ಯಾರ ಕೈಯೂ ಸೋಕದಂತೆ ನಿಷ್ಠೆಯಿಂದ ಕಾಯ್ದಿರುವ ಕಾರಣ, ಇವರ ಕೆಲಸವನ್ನು ಇಂದಿನಿಂದ ಖಾಯಂ ಮಾಡಲಾಗಿದೆ.

ಸಹಿ ಹಾಕಿ, ಕಾಗದ ನನ್ನ ಕೈಗೆ ಕೊಡುತ್ತಾ ಕೇಳಿದರು: "ಸುಣ್ಣ ಅವರೇ ತರ್ತಾರಾ, ಇಲ್ಲೇ ತರಿಸಿಡ್ಲಾ?"