ಮುದ್ದೆಯಲ್ಲಿ ತೆಗೆದ ಅಳತೆ

ಚಾಕಿನ ಪ್ಲಾಸ್ಟಿಕ್ ಹಿಡಿ ಕಿತ್ತು ಮರದ ಹಿಡಿ ಹಾಕಲು ಎಷ್ಟು ಹೊತ್ತು ಬೇಕು? ಬಡಗಿಗೆ ಒಂದು ಬೆಳಗ್ಗೆ ಸಾಕು. ನನ್ನ ತಮ್ಮನಿಗೆ ಇಡೀ ಮಳೆಗಾಲ ಸಾಲದೆ ಚಳಿಗಾಲಕ್ಕೂ ಕೈ ಹಾಕಿದ!

ಅವನಿಗೆ ಅರವತ್ತಾರು ವರ್ಷ. ಹುಣಸೂರು ಕಡೆಯ ನಮ್ಮ ಊರಿನಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಆ ಎರಡು ಬೀದಿ ದಾಟಲು ಅವನಿಗೆ ಒಂದು ಗಂಟೆ ಬೇಕು. ನಡುವೆ ಒಂದು ಹಲಸಿನ ಮರ ಇದೆ, ಅದನ್ನು ಮಾತಾಡಿಸಬೇಕು. ಮಾತಾಡಿಸಲಿ, ಯಾರು ಬೇಡ ಅಂದರು? ಅದು ಉತ್ತರ ಕೊಡುವ ತನಕ ನಿಂತಿರುತ್ತಾನಲ್ಲ!

ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಎಡಗೈ ಮುರಿದುಕೊಂಡೆ. ಕೈ ಕೂಡಿತು, ಬೆರಳು ಮಾತ್ರ ಪೂರ್ತಿ ಮಡಚಲಿಲ್ಲ. ನಾನು ಸೊಪ್ಪು ಕುಯ್ಯುವುದು ಎಡಗೈಯಲ್ಲಿ. ಹುಟ್ಟಿದ್ದೇ ಹಾಗೆ. ಉಣ್ಣುವುದೂ ಎಡಗೈಯಲ್ಲೇ ಇತ್ತು. ಹತ್ತು ವರ್ಷದವಳಿದ್ದಾಗ ಒಂದು ದಿನ ಅವ್ವ ಸಾರಿನ ಸೌಟು ತೆಗೆದು ಆ ಕೈ ಮೇಲೆ ಬಿಟ್ಟಳು. ಅವತ್ತಿನಿಂದ ಅನ್ನದ ಕೈ ಬಲಕ್ಕೆ ಬಂತು. ಚಾಕು ಎಡಕ್ಕೇ ಉಳಿಯಿತು.

ಮುರಿದ ಕೈ, ನುಣ್ಣನೆ ಪ್ಲಾಸ್ಟಿಕ್ ಹಿಡಿ. ಚಾಕು ಜಾರಿ ಬಲಗೈ ಹೆಬ್ಬೆರಳು ಸೀಳಿತು. ಸೊಸೆ ಚಾಕನ್ನು ಮೇಲಿನ ಹಲಗೆಗೆ ಎತ್ತಿಟ್ಟಳು.

"ಅತ್ತೆ, ಇನ್ಮೇಲೆ ನೀವು ಚಾಕು ಮುಟ್ಟಬ್ಯಾಡಿ. ಸುಮ್ನೆ ಟೀವಿ ನೋಡ್ಕಂಡು ಕೂತ್ಕಳಿ."

ಟೀವಿ ನೋಡುವುದೂ ಒಂದು ಕೆಲಸವೇ? ಅಲ್ಲಿ ಅಳುವವರಿಗೆಲ್ಲ ನಾನು ಸಮಾಧಾನ ಹೇಳಲೇ? ಇವತ್ತು ಚಾಕು ಹೋಯಿತು, ನಾಳೆ ಒಲೆ ಹೋಗುತ್ತದೆ, ಆಮೇಲೆ ನನ್ನನ್ನೂ ಒಂದು ಹಲಗೆ ಮೇಲೆ ಎತ್ತಿಡುತ್ತಾರೆ. ಭಯ ಅಂತ ನನಗೆ ಆಗಿದ್ದು ಅದೊಂದಕ್ಕೇ.

ತಮ್ಮ ಬಂದ. ಹಲಗೆಯಿಂದ ಚಾಕು ಇಳಿಸಿ, ಹಿಡಿಯನ್ನು ಕಲ್ಲಿನಿಂದ ಜಜ್ಜಿ ಬಿಸಾಕಿದ.

"ಪ್ಲಾಸ್ಟಿಕ್ಕಿಗೆ ಕೈ ಅಂದ್ರೇನು ಅಂತ್ಲೇ ಗೊತ್ತಿಲ್ಲ ಕಣಕ್ಕ. ಮರಕ್ಕಾದ್ರೆ ಗೊತ್ತು."

"ಮರಕ್ಕೆ ಏನ್ಲಾ ಗೊತ್ತು?"

"ಅದ್ಕೂ ಕೈ ಅವಲ್ಲ!"

ಹಿಡಿ ಕೂರಿಸಲು ಅರಗು ಬೇಕೆಂದು ಸರಗೂರಿಗೆ ಬಸ್ಸು ಹತ್ತಿದ. ಅರ್ಧ ದಾರಿಯಲ್ಲಿ ರಸ್ತೆ ಅಗಲ ಮಾಡಲು ಉರುಳಿಸಿದ್ದ ಹುಣಸೆ ಮರ ಕಣ್ಣಿಗೆ ಬಿತ್ತು. ಇಳಿದುಬಿಟ್ಟ. ಅದರ ಪಕ್ಕ ಎಷ್ಟು ಹೊತ್ತು ಕೂತಿದ್ದನೋ! ಬಿದ್ದ ಮರದ ಎಲೆಗಳು ಇನ್ನೂ ಮಡಚಿಕೊಳ್ಳುತ್ತಿದ್ದವಂತೆ, ಸಂಜೆಯಾಯಿತು ಅಂದುಕೊಂಡು. ಅವು ಮಲಗುವ ತನಕ ಎದ್ದು ಬರಲು ಮನಸ್ಸಾಗಲಿಲ್ಲವಂತೆ. ಕೊನೆಗೆ ಒಂದು ತುಂಡು ಹೆಗಲಿಗೇರಿಸಿ ಬಂದ.

"ಅರಗು ಎಲ್ಲೋ?"

ಹೆಗಲಿನ ತುಂಡು ನೋಡಿದ. ನನ್ನ ಮುಖ ನೋಡಿದ. "ಯಾವ ಅರಗು?"

ಹಸಿ ತುಂಡು ಒಣಗಬೇಕಿತ್ತು. ಹೊಗೆಸೊಪ್ಪು ಒಣಗಿಸುವ ಅವನ ಬ್ಯಾರನ್ನಿನ ಒಲೆಗೆ ಆಗ ಬೆಂಕಿ ಹಾಕಿದ್ದರು. ಅದರೊಳಗೇ ಒಂದು ಮೂಲೆಯಲ್ಲಿಟ್ಟ. ಹೇಗಿದೆ ನೋಡೋಣ ಅಂತ ನಾನೂ ಹೋದೆ. ಬಾಗಿಲ ಸಂದಿಯಿಂದ ಇಣುಕಿದರೆ ಸಾಲುಸಾಲು ಎಲೆ, ಹಸಿರಿನಿಂದ ಹಳದಿಗೆ ತಿರುಗುವ ಹೊತ್ತು. ಬಂಗಾರದ ಮಳೆಯೊಂದು ನೆಲ ಮುಟ್ಟದೆ ನಡುವೆ ನಿಂತುಬಿಟ್ಟಂತೆ. ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಇಬ್ಬರೂ ಕೂತೆವು. ಎಷ್ಟು ದಿನ ಹಾಗೆ ಕೂತೆವೋ, ಲೆಕ್ಕ ಇಲ್ಲ. ನಾನು ಬಂಗಾರ, ಮಳೆ ಅಂತೆಲ್ಲ ಮಾತಾಡುವವಳಲ್ಲ. ಅವನ ಪಕ್ಕ ಕೂತರೆ ಬಾಯಿಗೆ ಬಂದುಬಿಡುತ್ತದೆ, ನೆಗಡಿ ಅಂಟಿದ ಹಾಗೆ.

ತುಂಡು ಒಣಗಿತು. ಒಂದು ಮಧ್ಯಾಹ್ನ ಅಡುಗೆಮನೆಗೆ ನುಗ್ಗಿ, ಆಗ ತಾನೇ ತಿರುವಿ ಇಳಿಸಿದ್ದ ರಾಗಿ ಮುದ್ದೆ ಒಂದನ್ನು ಎತ್ತಿಕೊಂಡು ಬಂದ.

"ಕೈ ಚಾಚಕ್ಕ. ಚಾಕು ಇಡ್ದಂಗೆ ಇದನ್ನ ಗಟ್ಟಿಯಾಗಿ ಇಡ್ಕ."

ಮುದ್ದೆ ಕೊಟ್ಟ ಮೇಲೆ ಕೈ ಚಾಚದೆ ಇರಲಾಗುತ್ತದೆಯೇ? ಹಿಡಿದೆ. ಐದೂ ಬೆರಳು ಒತ್ತಿ ನಿಂತವು. ಅದನ್ನು ಜಗಲಿ ಮೇಲೆ ಒಣಗಲು ಇಟ್ಟ. ಕೋಳಿ ತಿಂದಿತು!

"ಆಕಾರ ಕಣ್ಣಲ್ಲೈತೆ, ಬುಡು" ಅಂದ.

ಮತ್ತೆ ಸರಗೂರಿಗೆ ಹೋಗಿ, ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಕೂತು ಅರಗು ತಂದ. ಒಂದು ತಿಂಗಳು ಕೆತ್ತಿದ. ಹಿಡಿಯೊಳಗೆ ಕೂರುವ ಚಾಕಿನ ಬಾಲವನ್ನು ಕೆಂಪಗೆ ಕಾಯಿಸಿ, ಮರಕ್ಕೆ ಇಳಿಸಿ, ಕರಗಿದ ಅರಗು ಸುರಿದ. ಮೊದಲು ಸೊಸೆಯೇ ಅದರಲ್ಲಿ ಹುರುಳಿಕಾಯಿ ಕುಯ್ದಳು. "ಎಷ್ಟು ಚೆನ್ನಾಗಿ ಕೂರ್ತದೆ!" ಅಂದಳು. ಸಾರು ಮಾತ್ರ ಬ್ಯಾರನ್ ವಾಸನೆ. ನನ್ನ ಮಗ ಉಂಡು ಎದ್ದವನು, "ಎಲೆ ಅಡಿಕೆ ಬ್ಯಾಡ ಕಣವ್ವ. ಹೊಗೆಸೊಪ್ಪು ಊಟದಲ್ಲೇ ಆಯ್ತು" ಅಂದ.

ಆಮೇಲೆ ಚಾಕು ನನ್ನ ಕೈಗೆ ಬಂತು. ಹಿಡಿದರೆ ತಗ್ಗಿರಬೇಕಾದ ಕಡೆ ಉಬ್ಬು, ಉಬ್ಬಿರಬೇಕಾದ ಕಡೆ ತಗ್ಗು. ಅಲಗು ನನ್ನ ಮಾತು ಕೇಳದೆ ಆಚೆ ತಿರುಗಿತು. ಸೊಸೆ ನೋಡುತ್ತಲೇ ಇದ್ದಳು. ಮೇಲಿನ ಹಲಗೆಯೂ ನೋಡುತ್ತಿತ್ತು.

ತಮ್ಮ ನನ್ನ ಕೈಯನ್ನೇ ದಿಟ್ಟಿಸಿದ.

"ಅಕ್ಕ, ನೀನು ಎಡಚಿ."

"ಎಪ್ಪತ್ತೊಂದು ವರ್ಸದಿಂದ."

"ಮತ್ತೆ ಮುದ್ದೆ ಯಾಕೆ ಬಲಗೈಲಿ ಇಡ್ಕಂಡೆ?"

"ಮುದ್ದೇನ ಇನ್ಯಾವ ಕೈಲಿ ಇಡೀತಾರ್ಲಾ, ಬೇವಾರ್ಸಿ!"

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ತಮ್ಮ ನಗಲಿಲ್ಲ. ಇನ್ನೊಂದು ಮುದ್ದೆ ತಂದು ಮುಂದೆ ಹಿಡಿದ. ನಾನು ಎಡಗೈ ಚಾಚಿದೆ. ಅದು ಅರ್ಧಕ್ಕೆ ಬಂದು ನಿಂತಿತು. ಬೆರಳು ಮಡಚದ್ದು ಮುರಿದದ್ದಕ್ಕೆ, ಸರಿ. ತೆರೆಯದೆ ಹೋದದ್ದು ಯಾತಕ್ಕೆ?

"ಅವ್ವ ಇಲ್ಲ ಕಣಕ್ಕ. ಇಡ್ಕ."

ಹಿಡಿದೆ. ಬಿಸಿ ಇತ್ತು. ಅವನು ದಾರ ಹಿಡಿದು ಒಂದೊಂದೇ ಬೆರಳು ಅಳೆದ. ತಲೆ ಎತ್ತದೆ ಹೇಳಿದ:

"ಅವತ್ತು ಅವ್ವಂಗೆ ಚಾಡಿ ಏಳ್ದೋನು ನಾನೇ ಕಣಕ್ಕ. ಅಕ್ಕ ಎಡಗೈಲಿ ಉಣ್ತಾವ್ಳೆ ಅಂತ."

"ಗೊತ್ತು ಕಣ್ಲಾ. ಎದುರಿಗೆ ಕೂತಿದ್ದೋನು ನೀನೊಬ್ನೇ."

ಅವನು ಬಹಳ ಹೊತ್ತು ಅದೇ ಬೆರಳನ್ನು ಅಳೆಯುತ್ತಿದ್ದ.

ಎರಡನೆಯ ಹಿಡಿಯನ್ನು ಬಿಸಿಲಲ್ಲಿ ಒಣಗಿಸಿದ ಬೇರೆ ತುಂಡಿನಿಂದ ಮಾಡಿದ. ಅದು ಕೈಗೆ ಬಂದ ದಿನ ಒಂದು ಕಟ್ಟು ದಂಟಿನ ಸೊಪ್ಪು ಕುಯ್ದೆ. ಮಡಚದ ಬೆರಳಿಗೆ ಮರವೇ ಎದ್ದು ಬಂದು ಒರಗಿ ನಿಂತಿತ್ತು. ಜಾರಲಿಲ್ಲ. ಸೊಸೆ ಎರಡನೇ ಕಟ್ಟನ್ನು ತಂದು ಮುಂದೆ ಹಾಕಿದಳು.

ಅವತ್ತು ಅದೇ ಸೊಪ್ಪಿನ ಬಸ್ಸಾರು, ಮುದ್ದೆ. ತಮ್ಮ, ನಾನು ಎದುರುಬದುರು ಕೂತೆವು. ಅಭ್ಯಾಸದಂತೆ ಬಲಗೈ ತಟ್ಟೆಗೆ ಹಾಕಿದೆ. ಅವನು ಬೇಡವೆಂಬಂತೆ ತಲೆ ಅಲ್ಲಾಡಿಸಿದ. ತನ್ನ ತಟ್ಟೆ ಎತ್ತಿಕೊಂಡು, ನನ್ನ ಕಡೆ ಬೆನ್ನು ಮಾಡಿ, ಬಾಗಿಲಿಗೆ ಎದುರಾಗಿ ಕೂತ.

"ಉಣ್ಣಕ್ಕ" ಅಂದ. "ಯಾರಾದ್ರೂ ಬಂದ್ರೆ ನಾ ನೋಡ್ಕತೀನಿ."