ಆಶೀರ್ವಾದಕ್ಕೆ ಎಂಟು ನಿಮಿಷ

ಇಪ್ಪತ್ತೊಂದು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ನರ್ಸಿಂಗ್ ಪರೀಕ್ಷೆ ಒಂದು ಲೆಕ್ಕವೇ? ನನ್ನ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡು ಅತ್ತ ಮಕ್ಕಳೆಲ್ಲ ಈಗ ತಮ್ಮ ಮಕ್ಕಳನ್ನು ಅಳಿಸಲು ನನ್ನ ಹತ್ತಿರವೇ ಕರೆತರುತ್ತಾರೆ. ಇಂಥ ನಾನು ವಿಶ್ವವಿದ್ಯಾಲಯದ ಕ್ರಿಟಿಕಲ್ ಕೇರ್ ನರ್ಸಿಂಗ್ ಕೋರ್ಸಿಗೆ ಸೇರಿದಾಗ, ಪಾಪ, ಅಲ್ಲಿಯ ಮೇಷ್ಟ್ರುಗಳು ನನ್ನಿಂದ ಏನೇನು ಕಲಿಯಬೇಕಾಗುತ್ತದೋ ಎಂದು ಮರುಕಪಟ್ಟಿದ್ದೆ.

ಸೇರಲು ಕಾರಣವಿತ್ತು. ಕೋತಗಿರಿಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಯ ಐಸಿಯು ತೆರೆಯುವವರಿದ್ದರು. ಅಲ್ಲಿಯವರೆಗೆ ಉಸಿರಾಟ ಕೆಟ್ಟವರನ್ನೆಲ್ಲ ಆಂಬುಲೆನ್ಸಿಗೆ ಹಾಕಿಕೊಂಡು ಘಾಟಿ ಇಳಿಸಿ ಮೇಟ್ಟುಪಾಳ್ಯಕ್ಕೆ ಸಾಗಿಸುವುದೇ ದಾರಿ. ತಿರುವು ತಿರುವಿಗೂ ರೋಗಿಯ ಕೈ ಹಿಡಿದು 'ಇನ್ನು ಸ್ವಲ್ಪವೇ ದೂರ' ಎಂದು ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. ಆ ಐಸಿಯು ನನಗೆ ಬೇಕಿತ್ತು. ನಿಜವಾಗಿಯೂ ಬೇಕಿತ್ತು. ಕೋರ್ಸ್ ಪಾಸಾದರೆ ಉಸ್ತುವಾರಿ ನನಗೆ, ಇಲ್ಲದಿದ್ದರೆ ಕೆಳಗಿನಿಂದ ಬೇರೆ ಸಿಸ್ಟರ್ ಬರುತ್ತಾರೆ ಎಂದು ನಮ್ಮ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ನಾನು ಅದರ ಮೊದಲರ್ಧವನ್ನು ಮಾತ್ರ ಇಡೀ ಹಟ್ಟಿಗೆ ಸಾರಿಬಿಟ್ಟೆ!

ಶನಿವಾರ, ಭಾನುವಾರ ಊಟಿಯಲ್ಲಿ ತರಗತಿ. ಪಾಠ ಹೇಳುವ ಶೈನಿ ಮೇಡಂ ಗೂಡಲೂರಿನ ಮಲಯಾಳಿ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಪ್ಲಾಸ್ಟಿಕ್ ಬೊಂಬೆಯನ್ನು ಮಲಗಿಸಿ, ಗಡಿಯಾರ ಹಿಡಿದು, ಏದುಸಿರು ಬಿಡುವ ರೋಗಿಯನ್ನು ಎಂಟು ನಿಮಿಷದಲ್ಲಿ ನೋಡಿಕೊಳ್ಳುವುದನ್ನು ಕಲಿಸುತ್ತಿದ್ದರು. ಕೈ ತೊಳೆ, ಹೆಸರು ಕೇಳು, ಎತ್ತರಕ್ಕೆ ಕೂರಿಸು, ಆಮ್ಲಜನಕ ಕೊಡು, ಉಸಿರು ಎಣಿಸು, ನಾಡಿ ನೋಡು, ಡಾಕ್ಟರಿಗೆ ಹೇಳು.

"ಚೇಚಿ, ನಿಮ್ಮ ಕೈ ಚೆನ್ನಾಗಿದೆ. ಬಾಯಿ ಜಾಸ್ತಿ," ಎಂದು ಮೇಡಂ ನನ್ನನ್ನು ಎಚ್ಚರಿಸಿದರು. "ಪರೀಕ್ಷೇಲಿ ಎಂಟು ನಿಮಿಷಕ್ಕೆ ಬೆಲ್ ಹೊಡೀತಾರೆ. ಊರು, ನೆಂಟಸ್ತಿಕೆ ಕೇಳ್ತಾ ನಿಲ್ಲಬೇಡಿ."

"ಬೊಂಬೆಗೆ ಯಾವ ನೆಂಟಸ್ತಿಕೆ ಮೇಡಂ?" ಎಂದು ನಕ್ಕೆ. ಎಂಥ ಆತ್ಮವಿಶ್ವಾಸ ನನ್ನದು!

ಮನೆಯಲ್ಲಿ ಬೊಂಬೆ ಇರಲಿಲ್ಲ. ಗಂಡ ಇದ್ದರು. ಬೋಜನ್ ಚಹಾ ಎಲೆಯನ್ನು ಫ್ಯಾಕ್ಟರಿ ಗಾಡಿಗೆ ತೂಕ ಹಾಕಿ ಬಂದು ಕೂತದ್ದೇ ತಡ, ಅವರನ್ನು ಮಂಚದ ಮೇಲೆ ಕೆಡವಿ ಪ್ರಜ್ಞೆ ಪರೀಕ್ಷಿಸುತ್ತಿದ್ದೆ. ಮೊದಲ ಹಂತ, ರೋಗಿಯನ್ನು ಹೆಸರು ಹಿಡಿದು ಕರೆಯುವುದು. ಕರೆದೆ. ಉತ್ತರವಿಲ್ಲ. ಮದುವೆಯಾದಂದಿನಿಂದ ಇದೇ ಲಕ್ಷಣವಾದ್ದರಿಂದ ನಾನು ಗಾಬರಿಯಾಗಲಿಲ್ಲ. ಎರಡನೆಯ ಹಂತ, ಭುಜದ ಸ್ನಾಯುವನ್ನು ಗಟ್ಟಿಯಾಗಿ ಹಿಂಡುವುದು. ಹಿಂಡಿದೆ.

"ಅಯ್ಯೋ! ನೀ ಓದುದಾದರ ಓದು, ಎನ್ನ ಏಕ ಕೊಲ್ಲುವೆ?" ಎಂದು ಕೂಗಿದ ಸದ್ದಿಗೆ ಪಕ್ಕದ ಮನೆಯ ಮಾದಿ ಅತ್ತೆ ಪೊರಕೆ ಸಮೇತ ಓಡಿಬಂದರು.

"ಏನ ಆತು?"

"ಏನೂ ಇಲ್ಲೆ ಅತ್ತೆ. ರೋಗಿಗೆ ಪ್ರಜ್ಞೆ ಇದೆ," ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಆಮೇಲೆ ಒಂದು ವಾರ ಬೋಜನ್ ನನ್ನ ಕೈಗೆ ಸಿಗುವ ದೂರದಲ್ಲಿ ಕೂರಲಿಲ್ಲ.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಕೆಳಗಿನ ಊರಿನಿಂದ ಬಂದಿದ್ದ ಗಂಭೀರ ಹೆಂಗಸು. ಕೋಣೆಯ ಮೂಲೆಯಲ್ಲಿ ಕಾಗದ ಹಿಡಿದು ಕೂತಿದ್ದರು. ಬೆಲ್ ಹೊಡೆಯಿತು. ಕೈ ತೊಳೆದು, ಕೈಗವಸು ಹಾಕಿಕೊಂಡು, ಪರದೆ ಸರಿಸಿದೆ.

ಮಂಚದ ಮೇಲೆ ಬೊಂಬೆ ಇರಲಿಲ್ಲ! ಬಿಳಿ ರುಮಾಲು ಸುತ್ತಿ, ಬಿಳಿ ಹೊದಿಕೆ ಹೊದ್ದು, ಎಂಬತ್ತು ದಾಟಿದ ನಮ್ಮ ಬಡಗ ಜನಾಂಗದ ಅಜ್ಜ ಒಬ್ಬರು, ನಮ್ಮ ಮಾತಿನಲ್ಲಿ ಹೆತ್ತಪ್ಪ, ಮಲಗಿದ್ದರು. ಕಾಲೇಜಿನವರು ಈ ಸಲ ನಿಜವಾದ ಮನುಷ್ಯರಿಗೆ ರೋಗಿಯ ಪಾತ್ರ ಕೊಟ್ಟಿದ್ದರು. ಅಜ್ಜನ ಪಾತ್ರವೋ, ಒಂದು ಮಾತು ಆಡಲೂ ಉಸಿರು ಸಾಲದ ರೋಗಿ.

ಈಗ ನಮ್ಮವರ ಪದ್ಧತಿಯನ್ನು ಹೇಳಲೇಬೇಕು. ನಮ್ಮಲ್ಲಿ ಹಿರಿಯರು ಎದುರಾದರೆ ನಮಸ್ಕಾರ, ಗುಡ್ ಮಾರ್ನಿಂಗ್ ಯಾವುದೂ ಇಲ್ಲ. ಹೋಗಿ ತಲೆ ಬಗ್ಗಿಸಬೇಕು. ಅವರು ನೆತ್ತಿಯ ಮೇಲೆ ಅಂಗೈಯಿಟ್ಟು ಹರಸುತ್ತಾರೆ. ಹರಕೆ ಮುಗಿದು ಕೈ ತೆಗೆಯುವವರೆಗೂ ತಲೆ ಎತ್ತುವ ಹಾಗಿಲ್ಲ. ಇದನ್ನು ನಾವು ಯೋಚಿಸಿ ಮಾಡುವುದಿಲ್ಲ. ಸೀನು ಬಂದ ಹಾಗೆ ಬಂದುಬಿಡುತ್ತದೆ.

ಬಂದುಬಿಟ್ಟಿತು. ನನ್ನ ತಲೆ ತಾನಾಗಿಯೇ ಬಗ್ಗಿತು!

ಅಜ್ಜನೂ ಪಾತ್ರ ಮರೆತರು. ದಡಕ್ಕನೆ ಎದ್ದು ಕೂತು, ನನ್ನ ನೆತ್ತಿಯ ಮೇಲೆ ಭಾರವಾದ ಕೈಯಿಟ್ಟು, ತುಂಬು ದನಿಯಲ್ಲಿ ಶುರು ಮಾಡಿದರು. "ಬಾ ಅವ್ವೆ, ಬಾ! ಒಂದು ಹೋಗಿ ಸಾವಿರ ಆಗಲಿ! ಹಟ್ಟಿ ನಿಂತು ಬಾಳಲಿ! ಕರೆದ ಹಾಲು ತುಂಬಲಿ, ಹೋದ ಹಾದಿ ತೆರೆಯಲಿ! ಮಕ್ಕ ಮರಿ ಒಳ್ಳೆಂಗೆ ಇರಲಿ..." ಸಾಯುವ ಸ್ಥಿತಿಯಲ್ಲಿರುವ ರೋಗಿ ನಡುವೆ ಎಲ್ಲೂ ಉಸಿರೇ ತೆಗೆದುಕೊಳ್ಳಲಿಲ್ಲ. ಪರೀಕ್ಷಕರ ಪೆನ್ನು ಕಾಗದದ ಮೇಲೆ ಹಾಗೇ ನಿಂತಿದ್ದು ಬಗ್ಗಿದ ತಲೆಯ ಕೆಳಗಿನಿಂದ ನನಗೆ ಕಾಣುತ್ತಿತ್ತು.

ಹರಕೆ ಮುಗಿಯಿತು. ಕೈ ಮಾತ್ರ ತೆಗೆಯಲಿಲ್ಲ.

"ಏ ಹಟ್ಟಿ? ನೀ ದಾರ ಮಗಳು?"

"ಹೆತ್ತಪ್ಪ, ಪರೀಕ್ಷೆ ನಡೆಯುತ್ತಿದೆ," ಎಂದು ಪಿಸುಗುಟ್ಟಿದೆ.

"ಪರೀಕ್ಷೆಯಾ?" ಎಂದು ಮೊಮ್ಮಗಳ ಮೇಲೆ ಬರುವಂಥ ಪ್ರೀತಿ ಬಂದು, ಓದಿನ ಸಲುವಾಗಿ ಮತ್ತೊಂದು ಹರಕೆ ಶುರು ಮಾಡಿದರು! ಅದು ಮೊದಲನೆಯದಕ್ಕಿಂತ ಉದ್ದವಿತ್ತು.

ನಾನು ತಲೆ ಎತ್ತಿದಾಗ ಉಳಿದದ್ದು ಎರಡು ನಿಮಿಷ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಹೋದೆ. ರುಮಾಲು ಅಡ್ಡ ಬಂತು. ರುಮಾಲು ತೆಗೆಯಲು ಅಜ್ಜ ಒಪ್ಪಲಿಲ್ಲ. ಮೇಲಿಂದಲೇ ಎಳೆದೆ. ಎಲಾಸ್ಟಿಕ್ ಜಾರಿ ಮಾಸ್ಕ್ ಚಿಮ್ಮಿ ಪರೀಕ್ಷಕರ ಕಾಗದದ ಮೇಲೆ ಬಿತ್ತು. ನಾಡಿ ನೋಡುವ ಪುಟ್ಟ ಯಂತ್ರ ಕೆಲಸ ಮಾಡುತ್ತದೆಯೇ ಎಂದು ಅಭ್ಯಾಸದಂತೆ ಮೊದಲು ನನ್ನ ಬೆರಳಿಗೆ ಸಿಕ್ಕಿಸಿದೆ. ಅಲ್ಲಿ ಕಂಡ ಅಂಕಿಯನ್ನು ಓದಿದೆ.

"ನಾಡಿ ನೂರ ನಲವತ್ತು! ರೋಗಿಯ ಸ್ಥಿತಿ ಗಂಭೀರ! ಕೂಡಲೇ ಡಾಕ್ಟರನ್ನು ಕರೆಯಬೇಕು!" ಎಂದು ಘೋಷಿಸಿದೆ.

ಪರೀಕ್ಷಕರು ಶಾಂತವಾಗಿ ಹೇಳಿದರು. "ಸಿಸ್ಟರ್, ಅದು ನಿಮ್ಮ ಬೆರಳು."

ಬೆಲ್ ಹೊಡೆಯಿತು. ಅಂದು ಆ ಕೋಣೆಯಲ್ಲಿ ಆರೋಗ್ಯವಾಗಿದ್ದವರು ಅಜ್ಜ ಒಬ್ಬರೇ.

ಫೇಲ್. ಎರಡು ವಾರದ ನಂತರ ಇನ್ನೊಂದೇ ಅವಕಾಶ ಎಂದರು. ಕೋತಗಿರಿ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ನಾಚಿಕೆಗಿಂತ ಹೆಚ್ಚಾಗಿ ಆ ನಾಲ್ಕು ಹಾಸಿಗೆ ಕಣ್ಣಿಗೆ ಕಟ್ಟುತ್ತಿತ್ತು. ಮನೆಯಲ್ಲಿ ಬೋಜನ್ ಎಲ್ಲ ಕೇಳಿ, ನಗು ತಡೆಯಲು ಮೂರು ಸಲ ಹೊರಗೆ ಹೋಗಿ ಬಂದು, ಕೊನೆಗೆ ಕೇಳಿದರು.

"ಮುಂದಿನ ಸಲ ತಲೆ ಬಗ್ಗಿಸದೆ ಹೋದರ ಏನ?"

"ಹಿರಿಯರ ಮುಂದೆ ನೆಟ್ಟಗೆ ನಿಲ್ಲಲಾ? ನಿಮಗೆ ಆಗುತ್ತಾ?"

ಅವರಿಗೂ ಆಗುವುದಿಲ್ಲ. ಆಗ ನನಗೆ ಹೊಳೆಯಿತು. ಹರಕೆಯನ್ನು ಮುಂಚೆಯೇ ಮುಗಿಸಿಬಿಟ್ಟರೆ? ಇಪ್ಪತ್ತೊಂದು ವರ್ಷದ ಅನುಭವ ಎಂದರೆ ಸುಮ್ಮನೆಯೇ!

ಮರುಪರೀಕ್ಷೆಯ ದಿನ ಒಂದು ಗಂಟೆ ಮೊದಲೇ ಹೋದೆ. ಮತ್ತೆ ರೋಗಿಯಾಗಲು ಬಂದಿದ್ದ ಅದೇ ಅಜ್ಜ ವರಾಂಡದಲ್ಲಿ ಚಹಾ ಕುಡಿಯುತ್ತಿದ್ದರು. ಹೋಗಿ ತಲೆ ಬಗ್ಗಿಸಿದೆ. ಹಟ್ಟಿ, ಹಾಲು, ಹಾದಿ, ಮಕ್ಕಳು, ಓದು, ಎಲ್ಲವೂ ಸಾಂಗವಾಗಿ ನಡೆಯಿತು. ಹಗುರಾಗಿ ತಲೆ ಎತ್ತಿದರೆ ಹಿಂದೆ ಒಂದು ಸಾಲು ನಿಂತಿದೆ! ನನ್ನ ಹಾಗೆ ಎಲ್ಲೋ ಒಂದು ಕಡೆ ಜಾರಿ ಮರುಪರೀಕ್ಷೆಗೆ ಬಂದವರು ಏಳು ಮಂದಿ. ತಮಿಳರು, ಮಲಯಾಳಿಗಳು ಎಲ್ಲರೂ ಇದ್ದರು.

"ಅಕ್ಕಾ, ನಮ್ಮನ್ನೂ ಹರಸಲು ಸ್ವಲ್ಪ ಹೇಳಿ," ಎಂದರು. ಅವರ ಹಿಂದೆ ವಾಚ್‌ಮನ್, ಅವನ ಹಿಂದೆ ಕ್ಯಾಂಟೀನಿನ ಇಬ್ಬರು ಹೆಂಗಸರು. ಅಜ್ಜ ಒಬ್ಬರಿಗೆ ಉದ್ದ, ಒಬ್ಬರಿಗೆ ಗಿಡ್ಡ ಮಾಡುವ ಮನುಷ್ಯರಲ್ಲ. ಹನ್ನೊಂದು ತಲೆಗೂ ತುಂಬು ದನಿಯಲ್ಲಿ ಪೂರ್ತಿ ಹರಸಿದರು.

ಬೆಲ್ ಹೊಡೆಯಿತು. ಪರದೆ ಸರಿಸಿದೆ. ಅಜ್ಜ ಕಣ್ಣು ಮುಚ್ಚಿ, ಭುಜ ಏರಿಸಿ ಇಳಿಸಿ, ಏದುಸಿರು ಬಿಡುತ್ತಿದ್ದರು. ಏನು ಅಭಿನಯ ಎಂದುಕೊಂಡೆ. ಎದೆಯ ಮೇಲೆ ಕೈಯಿಟ್ಟು ನೋಡಿದರೆ ಅಭಿನಯವಲ್ಲ! ಪರೀಕ್ಷೆ, ಪರೀಕ್ಷಕರು, ಗಡಿಯಾರ ಎಲ್ಲ ಮರೆತೆ. ಎತ್ತರಕ್ಕೆ ಕೂರಿಸಿದೆ. ರುಮಾಲಿನ ಕೆಳಗಿನಿಂದ ಎಲಾಸ್ಟಿಕ್ ಹಾಯಿಸಿ ಮಾಸ್ಕ್ ಹಾಕಿದೆ. ಉಸಿರು ಎಣಿಸಿದೆ, ನಿಮಿಷಕ್ಕೆ ಇಪ್ಪತ್ತಾರು. ಯಂತ್ರವನ್ನು ಅಜ್ಜನ ಬೆರಳಿಗೇ ಹಾಕಿದೆ. ಡಾಕ್ಟರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ, ಕೈ ಹಿಡಿದು ಕೂತೆ. ಇನ್ನೂ ಒಂದೂವರೆ ನಿಮಿಷ ಬಾಕಿಯಿತ್ತು.

ಅಜ್ಜನ ಉಸಿರು ಮೆಲ್ಲನೆ ಹತೋಟಿಗೆ ಬಂತು. ಕಣ್ಣು ತೆರೆದು, ಮಾಸ್ಕಿನೊಳಗಿಂದಲೇ ಕೇಳಿದರು. "ಇನ್ನೂ ತಲೆ ಉಂಟಾ?"

ಪಾಸಾದೆ. ಈಗ ಐಸಿಯು ತೆರೆದಿದೆ, ಉಸ್ತುವಾರಿ ನನ್ನದೇ. ಸಂತೋಷವಾಗಿದ್ದೇನೆ, ಮುಚ್ಚುಮರೆ ಇಲ್ಲ. ಆ ಪರೀಕ್ಷಕರು ನನ್ನ ಹಾಳೆಯ ಮೇಲೆ ಬರೆದ ಷರಾವನ್ನು ಬೋಜನ್ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. 'ರೋಗಿಯ ತೊಂದರೆಯನ್ನು ಕ್ಷಣಮಾತ್ರದಲ್ಲಿ ಗುರುತಿಸಿದರು' ಎಂದಿದೆ. ಬಂದವರೆಲ್ಲ ಓದಿ ಹೊಗಳುತ್ತಾರೆ, ನಾನು ತಲೆ ತಗ್ಗಿಸಿ ಚಹಾ ಕೊಡುತ್ತೇನೆ.

ಗುರುತಿಸದೆ ಏನು? ತೊಂದರೆ ತಂದಿಟ್ಟವಳೇ ನಾನಲ್ಲವೇ!